ಹೀಟರ್ ಪ್ಲಗ್ ಬಿಚ್ಚೋಕೆ ಮೂರು ದಿನ ಬೇಕು

ಡಿಸೆಂಬರ್ ಬಂತೆಂದರೆ ಬೆಳಗ್ಗೆ ಏಳಕ್ಕೇ ನನ್ನ ಫೋನ್ ಶುರುವಾಗುತ್ತದೆ. "ಮಿಸ್ತ್ರಿ, ಗಾಡಿ ಸ್ಟಾರ್ಟ್ ಆಗವಲ್ದರೀ. ಬಿಳೀ ಹೊಗಿ ಅಷ್ಟ ಬರಾಕತ್ತೈತಿ." ಬೆಳಗಾವಿಯ ಚಳಿಗೆ ಹಳೇ ಡೀಸೆಲ್ ಗಾಡಿಗಳು ಹೀಗೆ ಮುನಿಸಿಕೊಳ್ಳುವುದು ಹೊಸದಲ್ಲ. ಹತ್ತರಲ್ಲಿ ಆರು ಸಲ ತಪ್ಪು ಹೀಟರ್ ಪ್ಲಗ್‌ನದ್ದೇ. ಪುಸ್ತಕದಲ್ಲಿ ಇದಕ್ಕೆ ಗ್ಲೋ ಪ್ಲಗ್ ಅಂತಾರೆ. ತಣ್ಣಗಿರುವ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಶಾಖ ಕೊಡುವ ಕರೆಂಟಿನ ಕಡ್ಡಿ ಇದು. ಹೊಸದು ಹಾಕುವುದು ಐದು ನಿಮಿಷದ ಕೆಲಸ. ಹಳೆಯದನ್ನು ತೆಗೆಯುವುದೇ ಕಷ್ಟ.

ಎಷ್ಟು ಕಷ್ಟ ಅಂತ ನನಗೆ ಒಂದು ಇಂಡಿಕಾ ಕಲಿಸಿತು. ಆಗ ಉದ್ಯಮಬಾಗದಲ್ಲಿ ಸ್ವಂತ ಗ್ಯಾರೇಜ್ ಹಾಕಿ ವರ್ಷವೂ ಆಗಿರಲಿಲ್ಲ. ಟ್ಯಾಕ್ಸಿ ಗಾಡಿ, ಸಂಜೆಗೆ ಬೇಕು ಎಂದಿದ್ದರು. ಎರಡು ಪ್ಲಗ್ ಸಲೀಸಾಗಿ ಬಂದವು. ಮೂರನೆಯದು ಅಲ್ಲಾಡಲಿಲ್ಲ. ಹ್ಯಾಂಡಲ್‌ಗೆ ಒಂದು ಪೈಪ್ ತುಂಡು ಸಿಕ್ಕಿಸಿ ಎಳೆದೆ. ಟಕ್ ಅಂತ ಸದ್ದು. ತಿರುಗಿತು ಅಂತ ಖುಷಿಪಟ್ಟೆ. ನೋಡಿದರೆ ಸಾಕೆಟ್‌ನೊಳಗೆ ಪ್ಲಗ್‌ನ ತಲೆ ಮಾತ್ರ ಇತ್ತು, ಉಳಿದದ್ದು ಹೆಡ್‌ನಲ್ಲೇ, ಅಂದರೆ ಸಿಲಿಂಡರ್‌ಗಳ ಮೇಲಿನ ಲೋಹದ ಮುಚ್ಚಳದಲ್ಲೇ. ಹೆಡ್ ಇಳಿಸಿ, ಪಕ್ಕದ ಓಣಿಯ ಮಷೀನ್ ಶಾಪಿಗೆ ಹೊತ್ತುಕೊಂಡು ಹೋಗಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುವಷ್ಟರಲ್ಲಿ ನಾಲ್ಕು ದಿನ. ಖರ್ಚು ನನ್ನದೇ. ಆಮೇಲಿಂದ ನನ್ನ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ಪೈಪ್ ಮುಟ್ಟುವಂತಿಲ್ಲ.

ಮೊದಲು ಒಂದು ಮಾತು. ಪ್ಲಗ್ ನಿಜಕ್ಕೂ ಕೆಟ್ಟಿದೆಯೇ ಅಂತ ನೋಡದೆ ಸುಮ್ನೆ ಬಿಚ್ಚೋಕೆ ಹೋಗಬೇಡಿ. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಹತ್ತಿ ಆರಿತು ಅಂದರೆ ಪ್ಲಗ್ ಚೆನ್ನಾಗಿದೆ ಅಂತ ಅರ್ಥವಲ್ಲ. ಎಷ್ಟೋ ಹಳೇ ಗಾಡಿಗಳಲ್ಲಿ ಅದು ಬರೀ ಟೈಮರ್ ಲೆಕ್ಕ. ಫ್ಯೂಸ್ ನೋಡಿ, ರಿಲೇ ನೋಡಿ. ಕೀ ಹಾಕಿದಾಗ ಪ್ಲಗ್‌ವರೆಗೆ ಕರೆಂಟ್ ಬರುತ್ತಿದೆಯೇ ನೋಡಿ. ಆಮೇಲೆ ಕೀ ತೆಗೆದು, ಪ್ಲಗ್‌ಗಳ ಮೇಲಿನ ಪಟ್ಟಿ ಬಿಚ್ಚಿ, ಒಂದೊಂದನ್ನೇ ಮಲ್ಟಿಮೀಟರಿಗೆ ಹಚ್ಚಿ. ಸಾದಾ ಲೋಹದ ಪ್ಲಗ್ ತಣ್ಣಗಿದ್ದಾಗ ಸುಮಾರು ಅರ್ಧದಿಂದ ಒಂದೂವರೆ ಓಮ್ ತೋರಿಸುತ್ತದೆ. ಸುಟ್ಟುಹೋದದ್ದು ಏನೂ ತೋರಿಸುವುದಿಲ್ಲ. ಮೀಟರ್ ಇಲ್ಲದಿದ್ದರೆ ಬ್ಯಾಟರಿ ಪ್ಲಸ್‌ನಿಂದ 12 ವೋಲ್ಟಿನ ಬಲ್ಬ್ ಮೂಲಕ ಪ್ಲಗ್‌ನ ತುದಿಗೆ ವೈರ್ ಮುಟ್ಟಿಸಿ. ಬಲ್ಬ್ ಹತ್ತಿದರೆ ಒಳಗಿನ ತಂತಿ ಕಡಿದಿಲ್ಲ.

ಕಚ್ಚಿಕೊಳ್ಳುವುದು ಎರಡು ಕಡೆ. ಇದು ಗೊತ್ತಿರಬೇಕು, ಯಾಕಂದರೆ ಮದ್ದು ಬೇರೆ ಬೇರೆ. ಒಂದು, ಮೇಲೆ ಥ್ರೆಡ್‌ನಲ್ಲಿ, ಅಂದರೆ ತಿರುಪಿನ ಗೆರೆಗಳಲ್ಲಿ, ತುಕ್ಕು. ಕಣಕುಂಬಿ, ಜಾಂಬೋಟಿ ಕಡೆಯ ಗಾಡಿಗಳಲ್ಲಿ ಇದೇ ಜಾಸ್ತಿ. ಆ ಮಳೆಯಲ್ಲಿ ಪ್ಲಗ್‌ನ ಗುಂಡಿಯಲ್ಲಿ ನೀರು ನಿಂತು, ಅದರ ಮೇಲೆ ಕೆಂಪು ಮಣ್ಣು ಕೂತು ಗಟ್ಟಿಯಾಗಿರುತ್ತದೆ. ಇನ್ನೊಂದು, ಕೆಳಗೆ ತುದಿಯ ಸುತ್ತ ಇಂಗಾಲ. ತುದಿಗೂ ಹೆಡ್‌ನ ತೂತಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರುತ್ತದೆ. ಅಲ್ಲಿ ಮಸಿ ಸೇರಿ ಸೇರಿ, ಕುಂದಾ ಕಾಯಿಸಿದ ಕಡಾಯಿಯ ತಳದ ಹಾಗೆ ಹತ್ತಿಬಿಡುತ್ತದೆ. ಊರೊಳಗೇ ನಿಧಾನ ಓಡುವ ಗಾಡಿಗಳ ರೋಗ ಇದು.

ಹೊಸ ಪ್ಲಗ್ ಮೊದಲೇ ತಂದು ಕೈಯಲ್ಲಿಟ್ಟುಕೊಳ್ಳಿ. ಥ್ರೆಡ್ ಎಷ್ಟು ದಪ್ಪ, ತುದಿ ಎಷ್ಟು ಉದ್ದ, ಯಾವ ಸಾಕೆಟ್ ಕೂರುತ್ತದೆ, ಎಲ್ಲ ಅದನ್ನು ನೋಡಿದರೇ ತಿಳಿಯುತ್ತದೆ. ಥ್ರೆಡ್‌ಗೆ ವರ್ನಿಯರ್ ಹಿಡಿದು ನೋಡಿ: 8 ಮಿಲಿಮೀಟರೋ, 10 ಮಿಲಿಮೀಟರೋ, 12 ಮಿಲಿಮೀಟರೋ. ಈ ಅಳತೆ ಮುಂದೆ ಬೇಕಾಗುತ್ತದೆ.

ಮೊದಲ ದಿನ ಸಂಜೆ ಗುಂಡಿಗಳಿಗೆ ಗಾಳಿ ಹೊಡೆದು ಮಣ್ಣು ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ಎದ್ದಾಗ ಅದೆಲ್ಲ ಸಿಲಿಂಡರ್‌ಗೆ ಬೀಳುತ್ತದೆ. ಎಂಜಿನ್ ಉಗುರುಬೆಚ್ಚಗಿರುವಾಗ ಪ್ರತಿ ಪ್ಲಗ್‌ನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಅಂಗಡಿಯ ಸ್ಪ್ರೇ ಆಗುತ್ತದೆ. ನಾನು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್ ಸಮ ಸಮ ಸೇರಿಸಿ, ಹಳೇ ಸಿರಿಂಜಿನಿಂದ ಬಿಡುತ್ತೇನೆ. ಇದು ಬೇಗ ಬೆಂಕಿ ಹಿಡಿಯುವ ವಸ್ತು. ಕಾದ ಮ್ಯಾನಿಫೋಲ್ಡ್ ಮೇಲೆ ಚೆಲ್ಲಬೇಡಿ, ಹತ್ತಿರ ಬೀಡಿ ಬೇಡ. ಚಿಮಣಿ ಎಣ್ಣೆ ಹಾಕುವವರೂ ಇದ್ದಾರೆ. ಹಾಕಿ, ಆದರೆ ಅದಕ್ಕೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ಮರುದಿನ ಗಾಡಿ ಓಡಿಸಿ, ಆರಲು ಬಿಡಿ, ಮತ್ತೆ ಎಣ್ಣೆ. ಕಾಯುವುದು, ತಣಿಯುವುದು ನಡೆದಷ್ಟೂ ಎಣ್ಣೆ ಕೆಳಗಿಳಿಯುತ್ತದೆ. ಸಂಜೆ ಇನ್ನೊಂದು ಸಲ. ಗಿರಾಕಿ "ಎರಡು ದಿನ ಬರೀ ಎಣ್ಣಿ ಹಾಕೂದೇನ್ರಿ?" ಅಂತ ನಗುತ್ತಾರೆ. ನಗಲಿ.

ಮೂರನೇ ದಿನ ಎಂಜಿನ್ ಚೆನ್ನಾಗಿ ಕಾಯಿಸಿ. ಅಲ್ಯೂಮಿನಿಯಂ ಹೆಡ್ ಆದರೆ ಇದು ತುಂಬಾ ಉಪಯೋಗ, ಏಕೆಂದರೆ ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ತೂತು ಸ್ವಲ್ಪ ಸಡಿಲವಾಗುತ್ತದೆ. ಎಂಜಿನ್ ಆರಿಸಿ, ಇನ್ನೂ ಉರಿಯುವ ಪ್ಲಗ್ ಇದ್ದರೆ, ಹಿಂದೆ ಹಾಕಿದ ಎಣ್ಣೆ ಒರೆಸಿ, ಬ್ಯಾಟರಿಯಿಂದ ದಪ್ಪ ವೈರ್‌ನಲ್ಲಿ ನೇರ ಕರೆಂಟ್ ಕೊಡಿ, ನಾಲ್ಕೈದು ನಿಮಿಷ. ತುದಿ ಕೆಂಪಗೆ ಕಾದು ಸುತ್ತಲಿನ ಇಂಗಾಲವನ್ನು ತಾನೇ ಸುಡುತ್ತದೆ. ಆದರೆ ಇದು 11–12 ವೋಲ್ಟಿನ ಸಾದಾ ಪ್ಲಗ್‌ಗೆ ಮಾತ್ರ. ಹೊಸ ಗಾಡಿಗಳಲ್ಲಿ ಐದು, ಏಳು ವೋಲ್ಟಿನ ಪ್ಲಗ್ ಬರುತ್ತವೆ, ಸೆರಾಮಿಕ್ ತುದಿಯವೂ ಇವೆ. ಅವಕ್ಕೆ ಬ್ಯಾಟರಿ ಹಚ್ಚಬೇಡಿ. ಸಾಮಾನ್ಯವಾಗಿ ಪ್ಲಗ್ ಮೇಲೆಯೇ ವೋಲ್ಟ್ ಬರೆದಿರುತ್ತದೆ.

ಈಗ ಪಾನಾ. ಆರು ಮೂಲೆಯ ಡೀಪ್ ಸಾಕೆಟ್, ನೇರ ಎಕ್ಸ್‌ಟೆನ್ಷನ್, ತಿರುಗಿಸುವ ಬಲ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚ್. ಓರೆಯಾಗಿ ಎಳೆದರೆ ಪ್ಲಗ್ ಬಾಗಿ ಮುರಿಯುತ್ತದೆ. ನನ್ನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಲೆಕ್ಕ ಇದು: 8 ಮಿಮೀ ಥ್ರೆಡ್‌ಗೆ 20 ನ್ಯೂಟನ್ ಮೀಟರ್, 10ಕ್ಕೆ 35, 12ಕ್ಕೆ 45. ಬಿಚ್ಚುವಾಗ ಇದಕ್ಕಿಂತ ಮೇಲೆ ಹೋಗುವಂತಿಲ್ಲ. 35 ಅಂದರೆ ಎಷ್ಟು? ಕಾಲು ಮೀಟರ್ ಹ್ಯಾಂಡಲ್‌ನ ತುದಿಯಲ್ಲಿ ಸುಮಾರು 14 ಕೆಜಿ ಎಳೆತ, ಮನೆಯ ಗ್ಯಾಸ್ ಸಿಲಿಂಡರಿನೊಳಗಿನ ಗ್ಯಾಸ್‌ನಷ್ಟು ತೂಕ. ನಿಮ್ಮ ತೋಳು ಇದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಅದೇ ತೊಂದರೆ.

ಮೊದಲು ಬಿಗಿ ಮಾಡುವ ಕಡೆಗೇ ಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ಅಲ್ಲಾಡಿತಾ? ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ, ಎರಡು ಹನಿ ಎಣ್ಣೆ, ಮತ್ತೆ ಮುಂದಕ್ಕೆ. ಕಿರ್ ಅಂತ ಕಿರುಚಿದರೆ ನಿಲ್ಲಿಸಿ. ಕೈಗೆ ರಬ್ಬರ್ ತಿರುಚಿದಂತೆ ಅನಿಸಿದರೆ, ಅಂದರೆ ಹ್ಯಾಂಡಲ್ ಬರುತ್ತಿದೆ ಆದರೆ ಬಿಟ್ಟಾಗ ವಾಪಸ್ ಹೋಗುತ್ತಿದೆ ಅಂದರೆ, ಪ್ಲಗ್ ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲೇ ಕೈ ಬಿಡಿ. ಇನ್ನೆರಡು ದಿನ ಎಣ್ಣೆ. ದೊಡ್ಡ ಇಂಪ್ಯಾಕ್ಟ್ ಗನ್ ಅಂತೂ ಬೇಡವೇ ಬೇಡ.

ಕೆಲವು ಸಲ ಥ್ರೆಡ್ ಪೂರ್ತಿ ಬಿಟ್ಟು ಪ್ಲಗ್ ಸುಮ್ನೆ ಗಿರಗಿರ ತಿರುಗುತ್ತದೆ, ಮೇಲೆ ಮಾತ್ರ ಬರುವುದಿಲ್ಲ. ಅದು ಕೆಳಗಿನ ಇಂಗಾಲ. ಅಥವಾ ಸುಟ್ಟ ತುದಿ ಉಬ್ಬಿಕೊಂಡಿದೆ. ಎಣ್ಣೆ ಬಿಟ್ಟು, ತಿರುಗಿಸುತ್ತಾ ನೇರ ಮೇಲಕ್ಕೆ ಎಳೆಯಿರಿ. ಉಬ್ಬಿದ್ದರೆ ಹಟ ಮಾಡಬೇಡಿ, ತುದಿ ಕಿತ್ತು ಒಳಗೇ ಉಳಿಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ಕಂಪ್ರೆಶನ್‌ನಿಂದ ಹಾರಿಸುವ ಹುಚ್ಚರೂ ಇದ್ದಾರೆ. ಅದು ಗುಂಡಿನ ಹಾಗೆ ಬರುತ್ತದೆ. ಕಣ್ಣು ಒಂದೇ ಜೊತೆ ಇರೋದು.

ಮುರಿದೇ ಹೋಯಿತು ಅಂದರೆ ಎಂಜಿನ್ ತಿರುಗಿಸಬೇಡಿ, ಒಂದು ಸುತ್ತೂ ಬೇಡ. ಬಿದ್ದ ತುಂಡು ಪಿಸ್ಟನ್ ಹಾಳು ಮಾಡುತ್ತದೆ. ಮುರಿದ ಪ್ಲಗ್ ಕೊರೆದು ತೆಗೆಯುವ ಕಿಟ್ ಇರುವವರ ಹತ್ತಿರ ಒಯ್ಯಿರಿ. ನಡುವಿನ ಕಡ್ಡಿ ಎಳೆದು, ಒಳಗೆ ಸೆಂಟರ್ ಹಿಡಿದು ಕೊರೆದು, ಥ್ರೆಡ್ ಹಾಕಿ ಉಳಿದದ್ದನ್ನು ಎಳೆಯುತ್ತಾರೆ. ಡ್ರಿಲ್ ಚೂರು ಓರೆಯಾದರೂ ಹೆಡ್ ಹೋಯಿತು. ಮನೆಯ ಡ್ರಿಲ್ ಮಷೀನಿನ ಕೆಲಸ ಅಲ್ಲ.

ಬಂತು ಅಂದುಕೊಳ್ಳಿ. ಹೊಸದು ಹಾಕುವ ಅವಸರ ಬೇಡ. ತೂತಿನ ಇಂಗಾಲವನ್ನು ಅದೇ ಅಳತೆಯ ರೀಮರ್‌ಗೆ (ತೂತಿನ ಒಳಗೋಡೆ ಕೆರೆಯುವ ಉಪಕರಣ) ಗ್ರೀಸ್ ಹಚ್ಚಿ ಕೈಯಲ್ಲೇ ತಿರುಗಿಸಿ ತೆಗೆಯಿರಿ. ಪುಡಿ ಗ್ರೀಸಿಗೆ ಅಂಟಿ ಬರುತ್ತದೆ. ಹೊಸ ಪ್ಲಗ್‌ನ ಥ್ರೆಡ್‌ಗೆ ಶಾಖ ತಾಳುವ ಗ್ರೀಸ್ ಚೂರೇ ಸವರಿ, ತುದಿಗೆ ಬೇಡ. ಬೆರಳಲ್ಲೇ ಕೊನೆಯವರೆಗೆ ತಿರುಗಬೇಕು. ಆಮೇಲೆ 8ಕ್ಕೆ ಸುಮಾರು 10 ನ್ಯೂಟನ್ ಮೀಟರ್, 10ಕ್ಕೆ 15, ಅಷ್ಟೇ. ಮೇಲಿನ ವೈರ್ ನಟ್‌ಗೆ ಬೆರಳ ಬಿಗಿಗಿಂತ ಸ್ವಲ್ಪ ಜಾಸ್ತಿ ಸಾಕು.

ಹೋದ ಚಳಿಗಾಲದಲ್ಲಿ ಜಾಂಬೋಟಿ ಕಡೆಯ ಒಬ್ಬ ಮಾಸ್ತರರ ಗಾಡಿ ಬಂದಿತ್ತು. ಮೂರು ಪ್ಲಗ್ ಸತ್ತಿದ್ದವು, ಮೂರೂ ಬಂದವು. ನಾಲ್ಕನೆಯದು 35ಕ್ಕೂ ಮಿಸುಕಲಿಲ್ಲ. ನನ್ನ ಹುಡುಗ ಮೂಲೆಯಲ್ಲಿದ್ದ ಪೈಪಿನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಮೀಟರ್ ಹಚ್ಚಿದರೆ ಆ ಪ್ಲಗ್ ಇನ್ನೂ ಚೆನ್ನಾಗಿಯೇ ಇತ್ತು. "ಸರ್, ಇದನ್ನ ಇದ್ದಲ್ಲೇ ಬಿಡೂಣು," ಅಂದೆ. "ಮತ್ತ ನಾಕೂ ಬದ್ಲಿ ಮಾಡಬೇಕಂತಾರಲ್ಲರೀ?" ಅಂದರು. ಸಾಮಾನ್ಯವಾಗಿ ಹೌದು, ನಾಲ್ಕನ್ನೂ ಒಟ್ಟಿಗೇ ಹಾಕುವುದು ಒಳ್ಳೆಯದು. ಆ ಒಂದಕ್ಕೆ ಮಾತ್ರ ಎಣ್ಣೆ ಬಿಟ್ಟು, ಹೊಸ ಪ್ಲಗ್ಗನ್ನು ಡಬ್ಬಿ ಸಮೇತ ಅವರ ಡಿಕ್ಕಿಯಲ್ಲೇ ಇಟ್ಟು ಕಳಿಸಿದೆ.