ಶಿರಸಿ ಮಳೆಯಲ್ಲೂ ಬ್ಲೂ ಮೂನ್ ಬಳ್ಳಿ ಹೂ ಬಿಟ್ಟಿದೆ

ನಮ್ಮ ಮಳೆಗೆ ಈ ಗುಲಾಬಿ ಆಗೋದಲ್ಲ ಅಂದವರೇ ಈಗ ಕಸಿಗೆ ಕಡ್ಡಿ ಕೇಳುತ್ತಿದ್ದಾರೆ. ಹೆಸರು ನೀಲಿಯದ್ದು, ಹೂವು ನಸು ನೇರಳೆ, ಪರಿಮಳ ಜೋರು. ಜರ್ಮನಿಯ ಗುಲಾಬಿ ತಳಿಗಾರ ಟಾಂಟಾವ್ 1964ರ ಸುಮಾರಿಗೆ ತಂದ ಪೊದೆ ಗುಲಾಬಿಯಿಂದ ಬಂದ ಬಳ್ಳಿ ಇದು.

ಮೊದಲು ದುಡ್ಡು ಹೋದದ್ದು ಹೇಳುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ ಗಿಡ, ಕೊರಿಯರ್ ಸೇರಿ ಒಂದಕ್ಕೆ ಐನೂರರ ಹತ್ತಿರ ಬಿತ್ತು. ಹೂ ಬಿಟ್ಟಾಗ ನೋಡಿದರೆ ಮಾಮೂಲಿ ಪಿಂಕ್! ಫೋಟೋ ಕಳಿಸಿದೆ, ಉತ್ತರವೇ ಇಲ್ಲ. ಬೇರೆ ಕಡೆಯಿಂದ ತರಿಸಿದ್ದರ ಬಣ್ಣ ಸರಿ ಇತ್ತು, ಆದರೆ ಆಷಾಢದ ಮಳೆಗೆ ಎಲೆಗೆಲ್ಲ ಕಪ್ಪು ಚುಕ್ಕೆ ಬಂದು ಉದುರಿ, ತುದಿಯಿಂದ ಒಣಗುತ್ತಾ ಬಂದು ಕಸಿ ಗಂಟಿನವರೆಗೂ ಸತ್ತಿತು. ಒಟ್ಟು ಮೂರು ಸಾವಿರ ನೀರಿಗೆ.

ಆಮೇಲೆ ಗಿಡ ಕೊಳ್ಳುವುದನ್ನೇ ಬಿಟ್ಟೆ. ಬೆಂಗಳೂರಿನ ಸ್ನೇಹಿತರ ಮನೆಯಿಂದ ಕಡ್ಡಿ ತಂದು, ಅಂಗಳದ ಪನ್ನೀರು ಗುಲಾಬಿಗೆ ದೀಪಾವಳಿ ಕಳೆದ ಮೇಲೆ ಕಣ್ಣು ಕಸಿ ಮಾಡಿದೆ. ಕಡ್ಡಿ ಬಸ್ಸಿನಲ್ಲಿ ಬಾಡದ ಹಾಗೆ ಹೇಗೆ ತಂದೆ ಅನ್ನೋದು ನನ್ನ ಹತ್ತಿರವೇ ಇರಲಿ. ಹತ್ತರಲ್ಲಿ ಆರೇಳು ಹಿಡಿದವು.

ಬಳ್ಳಿ ಎಂಟಡಿ ಏರಿತು, ಹೂ ಮಾತ್ರ ತುದಿಯಲ್ಲಿ ಒಂದೆರಡು. "ಕೊಯ್ಯಲಿಕ್ಕೆ ಅಡಿಕೆ ಮರ ಹತ್ತುವ ಕೊನೆಗೌಡನನ್ನೇ ಕರೆಯಬೇಕು" ಅಂತ ಮನೆಯಲ್ಲಿ ನಗು. ಪಾಗಾರದ (ಕಾಂಪೌಂಡ್ ಗೋಡೆ) ಉದ್ದಕ್ಕೂ ಅಡಿಕೆ ಮರದ ಸೀಳು ದಬ್ಬೆ ಕಟ್ಟಿ, ಎಳೆ ಕೊಂಬೆಗಳನ್ನು ದಿನಕ್ಕಿಷ್ಟು ಬಗ್ಗಿಸಿ ಬಾಳೆ ನಾರಿನಲ್ಲಿ ಅಡ್ಡ ಕಟ್ಟಿದೆ. ಗೆಣ್ಣು ಗೆಣ್ಣಿಗೂ ಚಿಗುರು ಬಂತು, ಗೇಣುದ್ದ ಆಗುತ್ತಲೇ ಮೊಗ್ಗು. ಶುರುವಿನಲ್ಲೇ ಬುಡಕ್ಕೆ ಕತ್ತರಿ ಹಾಕಬೇಡಿ, ಇಂಥ ಬಳ್ಳಿ ತಿರುಗಿ ಪೊದೆ ಆಗಿಬಿಡುವುದುಂಟು.

ಮಳೆಗಾಲದ ಮದ್ದು ಮನೆಯಲ್ಲೇ ಇತ್ತು. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಡ್ರಮ್ಮಿನಿಂದ ಒಂದು ಕೊಡ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಎತ್ತಿ, ಅಷ್ಟೇ ನೀರು ಬೆರೆಸಿ ಹೊಡೆದೆ. ಅಡಿಕೆಗೆ ಹೊಡೆಯುವ ಒಂದು ಪರ್ಸೆಂಟು ದ್ರಾವಣ ಗುಲಾಬಿ ಎಲೆಗೆ ಜಾಸ್ತಿಯಾಗುತ್ತದೆ. ಬುಡದ ದರಕನ್ನು (ಒಣ ಎಲೆ) ಮಳೆ ಹಿಡಿಯುವ ಮೊದಲೇ ಆಚೆ ಎಳೆದು ಹಾಕಿದೆ.

ಹೈಡ್ರೇಂಜಿಯಾಕ್ಕೆ ಪಟಿಕ ಹಾಕಿದರೆ ನೀಲಿ ಆಗುತ್ತದೆ ಅಲ್ವಾ, ಸುಮ್ನೆ ಇದಕ್ಕೂ ಹಾಕಿ ನೋಡಿದೆ. ಊಹೂಂ. ಗುಲಾಬಿಯಲ್ಲಿ ಸಹಜವಾಗಿ ನೀಲಿ ತರುವ ಡೆಲ್ಫಿನಿಡಿನ್ ಅನ್ನುವ ಬಣ್ಣದ ಅಂಶವೇ ಇಲ್ಲ, ಪಟಿಕ ಏನು ಮಾಡೀತು? ಬಣ್ಣ ಉಳಿಸಿದ್ದು ಮಧ್ಯಾಹ್ನದ ನೆರಳು. ಪೂರ್ವದ ಪಾಗಾರಕ್ಕೆ ಬೆಳಗಿನ ಬಿಸಿಲು ಸಾಕು, ಪಶ್ಚಿಮಕ್ಕೆ ಇಟ್ಟಿದ್ದು ಸಂಜೆಯೊಳಗೆ ಬೂದಿ ಬಣ್ಣ.

ಕಾರವಾರದ ಅಕ್ಕನ ಮನೆಯಲ್ಲೂ ಒಂದು ನೆಟ್ಟಿದ್ದೇನೆ. ಸಮುದ್ರದ ಗಾಳಿಗೆ ಎಲೆಯಂಚು ಸುಡುತ್ತಿದೆ, ಈ ಸಲ ಹಿತ್ತಿಲ ಕಡೆಗೆ ಬದಲಾಯಿಸಿ ನೋಡಬೇಕು.