ಬಾವಿ ಹಗ್ಗದ ಒಂಬತ್ತನೆಯ ಗಂಟು

ಬೀಗದ ಕೈ ಒಳಗೆ ಹೋಗಲೇ ಇಲ್ಲ. ಮಗಳ ಬಾಣಂತನಕ್ಕೆಂದು ಐದು ತಿಂಗಳು ನ್ಯೂಜೆರ್ಸಿಯಲ್ಲಿದ್ದು, ಕಡೂರಿನಲ್ಲಿ ರೈಲಿಳಿದು, ಆಟೊದವನು ಕೇಳಿದಷ್ಟು ಕೊಟ್ಟು ಮನೆ ಮುಂದೆ ಬಂದು ನಿಂತರೆ ಬಾಗಿಲೇ ತೆರೆಯದು. ಬಗ್ಗಿ ನೋಡಿದೆ. ಬೀಗದ ತೂತಿಗೆ ಮಣ್ಣು ಮೆತ್ತಿತ್ತು, ಕುಂಬಾರ ಹುಳದ ಕೆಲಸ. ನನ್ನವಳು ತಲೆಯಿಂದ ಪಿನ್ನು ತೆಗೆದುಕೊಟ್ಟಳು. ಕೆದಕಿದರೆ ಮಣ್ಣಿನ ಜೊತೆ ನಾಲ್ಕೈದು ಹಸಿರು ಹುಳಗಳು ಉದುರಿದವು. ಸತ್ತಂತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಕುಂಬಾರ ಹುಳ ಹಾಗೆ ಕುಟುಕಿ ಮರಗಟ್ಟಿಸಿ, ಹುಟ್ಟಲಿರುವ ಮರಿಗೆ ಬುತ್ತಿ ಇಟ್ಟು ಹೋಗುತ್ತದೆ. ಇನ್ನೊಬ್ಬಳ ಬಾಣಂತನ ಕೆಡಿಸಿ ನಮ್ಮ ಮನೆ ಹೊಕ್ಕಂತಾಯಿತು.

ನಮ್ಮದು ಸಖರಾಯಪಟ್ಟಣದ ಕಡೆ, ಅಯ್ಯನಕೆರೆಯ ಕೆಳಗೆ, ಅಚ್ಚುಕಟ್ಟಿನ ಅಂಚಿನಲ್ಲಿರುವ ಹೆಂಚಿನ ಮನೆ. ರುಕ್ಮಾಂಗದ ರಾಯ ಕಟ್ಟಿಸಿದ್ದೆಂದು ಹೇಳುವ, ಹೊಯ್ಸಳರ ಕಾಲದಲ್ಲಿ ದುರಸ್ತಿಯಾದ ಕೆರೆ ಇದು. ಬಾಬಾಬುಡನ್‌ಗಿರಿ ಸಾಲಿನಿಂದ ಇಳಿಯುವ ಗೌರಿಹಳ್ಳದ ನೀರು ಇಲ್ಲಿಗೆ ಬರುತ್ತದೆ. ಮುಂದೆ ಅದೇ ವೇದಾ ಹೊಳೆಯಾಗಿ, ಅವತಿಯನ್ನು ಕೂಡಿಕೊಂಡು ವೇದಾವತಿಯಾಗಿ, ಹಿರಿಯೂರಿನ ಮಾರಿಕಣಿವೆ ತುಂಬಿಸಲು ಹೋಗುತ್ತದೆ. ಆ ಅಣೆಕಟ್ಟು 1933ರಲ್ಲೊಮ್ಮೆ ತುಂಬಿದ್ದು ಬಿಟ್ಟರೆ ಮತ್ತೆ 2022ರಲ್ಲೇ ಕೋಡಿ ಬಿದ್ದದ್ದು. 2025ರ ಜನವರಿಯಲ್ಲಿ ಮತ್ತೆ ಬಿತ್ತಂತೆ. ನಾನು ಆಗ ಹಿಮ ಕೆರೆಯುತ್ತಿದ್ದೆ.

ಹಿಂದೊಮ್ಮೆ ಹೀಗೆ ಊರಿಂದ ಬಂದಾಗ ಎಲ್ಲರಂತೆ ಮೊದಲು ಪೊರಕೆ ಹಿಡಿದಿದ್ದೆ. ಗುಡಿಸಿ ಮುಗಿಸಿ, ಒರೆಸಲು ನೀರು ಬೇಕೆಂದು ಮೋಟಾರಿನ ಸ್ವಿಚ್ಚು ಹಾಕಿದರೆ ಗುಂಯ್ ಎಂದಿತು, ಸುಟ್ಟ ವಾಸನೆ ಬಂತು. ವೈಂಡಿಂಗ್ ಮಾಡಿಸಿ ತರುವವರೆಗೆ ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊತ್ತೆವು. ಹಾಗಾಗಿ ಈ ಸಲ ಕಸ ಹಾಗೇ ಇರಲಿ ಎಂದು ಬಿಟ್ಟು ನೇರ ಬಾವಿಗೆ ಹೋದೆ.

ಮೋಟಾರೂ ಪಂಪೂ ಒಂದೇ ಆಗಿರುವ ಮೊನೊಬ್ಲಾಕ್ ತಿಂಗಳುಗಟ್ಟಲೆ ನಿಂತರೆ ಒಳಗೆ ತುಕ್ಕು ಕಚ್ಚಿಕೊಂಡಿರುತ್ತದೆ. ಕರೆಂಟು ಪೂರ್ತಿ ತೆಗೆದು, ಹಿಂದಿನ ಫ್ಯಾನಿನ ಮುಚ್ಚಳ ಬಿಚ್ಚಿ, ಕೈಯಿಂದ ಶಾಫ್ಟ್ ತಿರುಗಿಸಿದೆ. ಅಲುಗಲಿಲ್ಲ. ಸೀಮೆಎಣ್ಣೆ ಈಗೆಲ್ಲಿ ಸಿಗಬೇಕು? ಸಂದಿಗೆ ಡೀಸೆಲ್ ಬಿಟ್ಟು ಒಂದು ಕಾಫಿ ಕುಡಿದು ಬಂದೆ. ಆಮೇಲೆ ಸ್ಪ್ಯಾನರಿನಿಂದ ಅತ್ತ ಕಾಲು ಸುತ್ತು, ಇತ್ತ ಕಾಲು ಸುತ್ತು. ಬಲ ಹಾಕಬಾರದು, ಪುಸಲಾಯಿಸಬೇಕು. ಅರ್ಧ ಗಂಟೆಗೆ ಸಡಿಲಾಯಿತು. ಬಕೆಟ್ಟಿನಿಂದ ನೀರು ಹುಯ್ದು ಪೈಪು ತುಂಬಿಸಿ ಸ್ವಿಚ್ಚು ಹಾಕಿದೆ. ಮೊದಲು ಕೆಂಪು ನೀರು, ಆಮೇಲೆ ತಿಳಿ. ಮೇಲಿನ ಟ್ಯಾಂಕಿನ ಹಳೇ ನೀರನ್ನೆಲ್ಲ ತೆಂಗಿನ ಬುಡಕ್ಕೆ ಬಿಟ್ಟು, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ ಮೇಲೆಯೇ ಹೊಸ ನೀರು ತುಂಬಿಸಿದ್ದು.

ಬಾವಿ ಅಳೆಯಲು ನನ್ನದೊಂದು ತೆಂಗಿನ ನಾರಿನ ಹಗ್ಗವಿದೆ, ಮೊಳಕ್ಕೊಂದು ಗಂಟು. ನವೆಂಬರಿನಲ್ಲಿ ಐದನೆಯ ಗಂಟಿಗೆ ನೀರು ಸಿಕ್ಕಿತ್ತು. ಈಗ ಒಂಬತ್ತು. ಕೆರೆ ಇಳಿದಂತೆ ನಮ್ಮ ಬಾವಿಯೂ ಇಳಿಯುತ್ತದೆ, ಎರಡಕ್ಕೂ ನೆಲದೊಳಗೇ ನಂಟು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಗ್ಯಾಸಿನ ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ಸೋಪಿನ ನೊರೆ ಹಚ್ಚಿ ನೋಡುವುದೂ ಬೇಕಾಗಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಇನ್ವರ್ಟರ್ ಬ್ಯಾಟರಿ ಸತ್ತಿತ್ತು. ಮಂಗಗಳು ಹನ್ನೊಂದು ಹೆಂಚು ಒಡೆದಿದ್ದವು, ಅಶ್ವಿನಿ ಮಳೆಗೆ ಮುಂಚೆ ಹೊದಿಸಬೇಕು. ನಡುಮನೆಯ ದಾರಂದಕ್ಕೆ ಗೆದ್ದಲು ಹತ್ತಿದ್ದು ಮಾತ್ರ ಹೊಟ್ಟೆ ಉರಿಸಿತು. ಅದು ಅಪ್ಪ ಹಾಕಿಸಿದ ಹಲಸಿನ ಮರದ್ದು.

ಮನೆಗಿಂತ ಮೈ ಹೊಂದಿಕೊಳ್ಳುವುದು ಕಷ್ಟವಾಯಿತು. ಒಂಬತ್ತೂವರೆ ಗಂಟೆ ವ್ಯತ್ಯಾಸ. ರಾತ್ರಿ ಎರಡಕ್ಕೆ ಎಚ್ಚರ, ಮಧ್ಯಾಹ್ನ ಊಟದ ಎಲೆಯ ಮುಂದೆ ನಿದ್ದೆ. ಹಾಸಿಗೆಯಲ್ಲಿ ಹೊರಳಾಡುವ ಬದಲು ಬೆಳಕು ಹರಿಯುವಾಗ ಏರಿಯ ಮೇಲೆ ನಡೆಯತೊಡಗಿದೆ. ಮಾರ್ಚಿನ ಕೆರೆಗೆ ಒಂದು ಚಂದವಿದೆ. ನೀರು ಹಿಂದೆ ಸರಿದಲ್ಲೆಲ್ಲ ಎಳೆ ಹುಲ್ಲಿನ ಪಟ್ಟಿ, ಅದರ ಮೇಲೆ ಎಮ್ಮೆಗಳು, ಎಮ್ಮೆಗಳ ಕಾಲ ಬಳಿ ಬೆಳ್ಳಕ್ಕಿ. ಆಚೆ ಶಕುನಗಿರಿ ತಲೆಕೆಳಗಾಗಿ ನೀರಿನಲ್ಲಿ. ಹೊಂಗೆ ಚಿಗುರಿ ಕಣ್ಣು ತಂಪಾಗುತ್ತಿತ್ತು. ಬಾಯಿಗೆ ಬಂದಂತೆ ಕೂಗುವ ಕೋಗಿಲೆಯೊಂದು ನಾಲ್ಕೂವರೆಗೇ ಶುರು ಮಾಡುತ್ತಿತ್ತು. ಅದಕ್ಕೂ ವಿಮಾನದ ಆಯಾಸವಿತ್ತೋ ಏನೋ.

ಐದನೆಯ ದಿನ, ಕೆರೆಯ ನೀರು ಹೊರಬಿಡುವ ತೂಬಿನ ಹತ್ತಿರ, ಅದನ್ನು ನೋಡಿಕೊಳ್ಳುವ ನೀರುಗಂಟಿ ಸಿಕ್ಕಿದ, ನನ್ನ ಹಳೇ ಶಿಷ್ಯ.

"ಯಾವಾಗ್ ಬಂದ್ರಿ ಮೇಷ್ಟ್ರೇ? ಮಗು ಹೆಂಗೈತೆ?"

"ಚೆನ್ನಾಗಿದೆ ಕಣಪ್ಪ. ತೂಬು ಯಾವಾಗ ಎತ್ತೋದು?"

"ಹಬ್ಬ ಕಳೀಲಿ ಸಾ. ತೋಟದೋರು ಆಗ್ಲೇ ಬಾಯಿ ಬಡ್ಕೋತಾವ್ರೆ. ನಿಮ್ ಫುಟ್‌ವಾಲು ಇಳಿಸ್ಕೊಳ್ಳಿ, ಆಮೇಲೆ ಮೋಟ್ರು ಗಾಳಿ ಎಳ್ದೀತು."

ಊರಿಗೆ ಬಂದ ಮೇಲೆ ನನಗೆ ಸಿಕ್ಕ ಅತ್ಯಂತ ಉಪಯೋಗದ ಮಾತು ಅದು. ಆವತ್ತೇ ಐದು ಅಡಿ ಪೈಪು ತರಿಸಿ, ಪಕ್ಕದ ಮನೆಯ ಹುಡುಗನನ್ನು ಬಾವಿಗೆ ಇಳಿಸಿ, ಪೈಪಿನ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲನ್ನು ಇನ್ನೂ ಕೆಳಗೆ ಕೂರಿಸಿದೆ. ದಂಡೆಯ ಮೇಲಿನ ಪಂಪು ಇಪ್ಪತ್ತು ಅಡಿಯಾಚೆಯಿಂದ ನೀರೆಳೆಯಲು ತಿಣುಕುತ್ತದೆ, ಅಲ್ಲಿಯವರೆಗೆ ನಮಗಿನ್ನೂ ಅವಕಾಶವಿದೆ.

ಮಾರ್ಚ್ 30, ಭಾನುವಾರ ಯುಗಾದಿ. ಹಿತ್ತಿಲ ಬೇವು ಹೂಬಿಟ್ಟಿತ್ತು, ಬೆಲ್ಲ ಅಂಗಡಿಯದು. ಒಬ್ಬಟ್ಟು ತಿಂದು ಆವತ್ತು ರಾತ್ರಿ ಮೊದಲ ಬಾರಿಗೆ ಬೆಳಗಿನವರೆಗೆ ಮಲಗಿದೆ, ಕೋಗಿಲೆಯೂ ಕೇಳಿಸಲಿಲ್ಲ.

ಹಬ್ಬದ ಮರುದಿನ ತೂಬು ಎತ್ತಿದರು. ಗುರುವಾರ ಸಂಜೆ ಹಗ್ಗ ಇಳಿಸಿದೆ. ಒಂಬತ್ತನೆಯ ಗಂಟು ಒಣಗಿತ್ತು, ಹತ್ತನೆಯದು ಒದ್ದೆ.