ಕಾಮೆಂಟ್ ಹೊದ್ದು ಮಲಗಿದ್ದ ವ್ಯಾಟನ್ನು ಕೊನೆಗೂ ಕಳಿಸಿದೆ

ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ನಾನು ನೋಡಿಕೊಳ್ಳುವ, ಪೈಥಾನ್‌ನಲ್ಲಿ ಬರೆದ ಬಿಲ್ಲಿಂಗ್ ಪ್ರಾಜೆಕ್ಟಿನಲ್ಲಿ ಮಾತ್ರ ಅದಕ್ಕೂ ಹಿಂದಿನ ವ್ಯಾಟ್ ಲೆಕ್ಕದ ಕೋಡ್ ಕಳೆದ ವರ್ಷದವರೆಗೂ ಕಾಮೆಂಟ್ (ಕಂಪ್ಯೂಟರ್ ಓಡಿಸದೆ ಬಿಡುವ ಸಾಲು) ಹೊದ್ದು ಮಲಗಿತ್ತು. ‘ಇರ್ಲಿ ಬಿಡಿ ಸಾರ್, ಯಾವತ್ತಾದ್ರೂ ಬೇಕಾಗುತ್ತೆ’ ಅನ್ನುತ್ತಿದ್ದರು ಟೀಮಿನವರು. ಹಳೆಯ ಕೋಡನ್ನೆಲ್ಲ ನೆನಪಿಟ್ಟುಕೊಳ್ಳೋ ಗಿಟ್ ಇರೋದು ಯಾಕ್ರಪ್ಪಾ ಅಂದರೆ ನಗುತ್ತಿದ್ದರು.

ಒಂದು ದಿನ ಹೊಸ ಹುಡುಗನೊಬ್ಬ ಅಲ್ಲಿದ್ದ ರೌಂಡ್ ಆಫ್ ಸಾಲೇ ಸರಿ ಅಂದುಕೊಂಡು ಅದನ್ನು ಎಬ್ಬಿಸಿಬಿಟ್ಟ. ಗಿರಾಕಿಯೊಬ್ಬರ ಇನ್ನೂರು ಚಿಲ್ಲರೆ ಬಿಲ್ ತಪ್ಪಾದವು. ತಿದ್ದಿಕೊಟ್ಟಿದ್ದಕ್ಕೆ ಒಂದು ಪೈಸೆ ಹುಟ್ಟಲಿಲ್ಲ. ಹತ್ತಿರ ಹತ್ತಿರ ಮೂವತ್ತು ಸಾವಿರದ ಕೆಲಸ ಪುಕ್ಕಟೆ. ಆಮೇಲೇ ನಾನು ಕೈ ಹಾಕಿದ್ದು.

ಮೊದಲ ಸಲ, ಕಾಮೆಂಟ್ ಮಾಡಿಟ್ಟ ಕೋಡನ್ನು ತಾನೇ ಹುಡುಕಿ ಅಳಿಸುವ ಇರಾಡಿಕೇಟ್ ಅನ್ನೋ ಟೂಲನ್ನು ಇಡೀ ಪ್ರಾಜೆಕ್ಟಿನ ಮೇಲೆ ಓಡಿಸಿದೆ. ನಾಲ್ಕೈದು ಸಾವಿರ ಸಾಲು ಒಂದೇ ಏಟಿಗೆ ಮಾಯ. ಖುಷಿ ಸಂಜೆವರೆಗೂ ಇರಲಿಲ್ಲ. ಬಾರ್‌ಕೋಡ್ ಪ್ರಿಂಟರಿನ ಸೆಟ್ಟಿಂಗ್ ಹೇಗೆ ಹಾಕಬೇಕು ಅಂತ ಹಿಂದಿನವರು ಬರೆದಿಟ್ಟಿದ್ದ ಉದಾಹರಣೆಯೂ ಹೋಗಿತ್ತು. ಅದೂ ಕೋಡ್ ಥರಾನೇ ಕಾಣುತ್ತೆ, ಅಲ್ವಾ? ಜೊತೆಗೆ ಉಳಿದವರು ಕೆಲಸ ಮಾಡುತ್ತಿದ್ದ ಪ್ರತಿಗಳಲ್ಲೆಲ್ಲ (ಬ್ರಾಂಚು) ನನ್ನ ಬದಲಾವಣೆಗೂ ಅವರದಕ್ಕೂ ಕಾನ್‌ಫ್ಲಿಕ್ಟ್. ಬೈಸಿಕೊಂಡು ಮೊದಲಿದ್ದ ಹಾಗೇ ರಿವರ್ಟ್ ಮಾಡಿದೆ.

ಎರಡನೇ ಸಲ, ಕೋಡ್ ತಪಾಸಣೆ ಮಾಡುವ ರಫ್ ಅನ್ನೋ ಟೂಲಿನಲ್ಲಿ ಇಂಥ ಕಾಮೆಂಟ್ ಹಿಡಿಯುವ ಇಆರ್‌ಎ001 ನಿಯಮ ಹಾಕಿ ಬರೀ ಪಟ್ಟಿ ತೆಗೆದೆ. ಅಳಿಸಿದ್ದು ಕೈಯಲ್ಲೇ, ದಿನಕ್ಕೊಂದು ಫೋಲ್ಡರ್, ಮಧ್ಯಾಹ್ನ ಊಟಕ್ಕೆ ಮುಂಚೆ. ಪ್ರತಿ ಫೈಲಿನ ಎಎಸ್‌ಟಿ ಡಂಪನ್ನು (ಕೋಡನ್ನು ಪೈಥಾನ್ ಅರ್ಥ ಮಾಡಿಕೊಂಡ ರೂಪದ ಪ್ರತಿ) ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೆಗೆದು ಹೋಲಿಸಿದೆ. ಕಾಮೆಂಟ್ ಅದರೊಳಗೆ ಬರುವುದೇ ಇಲ್ಲವಲ್ಲ, ಎರಡೂ ಒಂದೇ ಇರಲೇಬೇಕು. ‘ಟೆಸ್ಟ್ ಇಲ್ಲದ ಫೈಲ್ ಮುಟ್ಟಬೇಡಿ’ ಅಂತಿದ್ದವರ ಬಾಯಿ ಮುಚ್ಚಿದ್ದು ಇದೇ.

ಕಾಡಿದ್ದು ಆ ಕಡೆ ಈ ಕಡೆ ಮೂರು ಮೂರು ಕೋಟ್ ಗುರುತು ಹಾಕಿ ಮುಚ್ಚಿಟ್ಟ ಕೋಡ್. ಅದು ಕಾಮೆಂಟ್ ಅಲ್ಲ, ಸ್ಟ್ರಿಂಗ್, ಅಂದರೆ ಪೈಥಾನ್ ಲೆಕ್ಕದಲ್ಲಿ ಬರೀ ಅಕ್ಷರಗಳ ಸಾಲು. ರಫ್ ಕಣ್ಣಿಗೆ ಬೀಳುವುದಿಲ್ಲ, ಅಳಿಸಿದರೆ ಡಂಪೂ ಬದಲಾಗುತ್ತೆ. ಒಂದು ಫಂಕ್ಷನ್ ಒಳಗಡೆ ಅದು ಬಿಟ್ಟರೆ ಬೇರೇನೂ ಇರಲಿಲ್ಲ. ತೆಗೆದ ತಕ್ಷಣ ಫಂಕ್ಷನ್ ಖಾಲಿಯಾಗಿ ಇಂಡೆಂಟೇಶನ್ ಎರರ್! ಉದಾಹರಣೆ ಯಾವುದು, ಸತ್ತ ಕೋಡ್ ಯಾವುದು ಅಂತ ಬೇರ್ಪಡಿಸಲು ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿಕೊಂಡಿದ್ದೇನೆ. ಅದನ್ನು ಮಾತ್ರ ಕೇಳಬೇಡಿ, ಈಗ ಬೇರೆಯವರ ಪ್ರಾಜೆಕ್ಟ್ ತೊಳೆದುಕೊಟ್ಟು ನಾಲ್ಕು ಕಾಸು ನೋಡುತ್ತಿರುವುದು ಅದರಿಂದಲೇ.

ಪ್ರೋಗ್ರಾಂ ಬೇಗ ಓಡುತ್ತಾ ಅಂತಲೂ ಸುಮ್ನೆ ಅಳೆದು ನೋಡಿದೆ. ಏನೂ ಇಲ್ಲ. ಕಾಮೆಂಟ್ ಓಡುವುದೇ ಇಲ್ಲವಲ್ಲ, ಬೇಗ ಓಡಬೇಕಾಗಿಯೂ ಇಲ್ಲ.

ಒಟ್ಟು ಮೂರು ವಾರ ಹಿಡಿಯಿತು. ಹೋಗಿದ್ದು ಮೂರೂವರೆ ಸಾವಿರ ಸಾಲು ಇರಬಹುದು. ಆಮೇಲಿನ ಆರು ತಿಂಗಳಲ್ಲಿ ಹಳೆಯದು ಬೇಕು ಅಂತ ಬಂದವರು ಒಬ್ಬರೇ. ಹಳೆಯ ಬದಲಾವಣೆಗಳ ಪಟ್ಟಿ ಕೊಡುವ ಗಿಟ್ ಲಾಗಿಗೆ -S (ದೊಡ್ಡಕ್ಷರದ ಎಸ್) ಜೊತೆ ಹುಡುಕುವ ಪದ ಹಾಕಿ ಎರಡು ನಿಮಿಷದಲ್ಲಿ ಹುಡುಕಿಕೊಟ್ಟೆ. ನೋಡಿ, ‘ಓ, ಇದಲ್ಲ ಬಿಡಿ’ ಅಂದರು.